ಗಜ್ಜುಗನ ಒಂದೇ ಎಳೆತ

ಮಕ್ಕಳೇ, ಕುದುರೆ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ ಅಂತ ನನಗೆ ಗೊತ್ತು. ತೆಳ್ಳಗಿನ ಕಾಲು, ಗಾಳಿಗೆ ಹಾರುವ ಜೂಲು, ಬೆನ್ನ ಮೇಲೆ ಕತ್ತಿ ಹಿಡಿದ ರಾಜಕುಮಾರ. ಅದನ್ನೆಲ್ಲ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಾನು ಹೇಳಹೊರಟಿರುವುದು ಓಡುವ ಕುದುರೆಯ ಕತೆಯಲ್ಲ, ಎಳೆಯುವ ಕುದುರೆಯ ಕತೆ.

ದೊಡ್ಡದೊಂದು ಮತ್ತಿಮರದ ಕಾಡು. ಅದರ ನಡುವೆ ಒಂದು ಹಳೆಯ ಕೆರೆ. ಒಂದು ಕಡೆ ಮಣ್ಣಿನ ಏರಿ, ಏರಿಯ ತುದಿಗೆ ಕಲ್ಲಿನ ಕೋಡಿ. ಕೋಡಿ ಅಂದರೆ ಕೆರೆಯ ಬಾಗಿಲು. ಕೆರೆ ತುಂಬಿದಾಗ ಹೆಚ್ಚಾದ ನೀರು ಅಲ್ಲಿಂದ ಹೊರಗೆ ಹರಿದು ಹೋಗುತ್ತದೆ. ಆ ಬಾಗಿಲು ಮುಚ್ಚಿಹೋದರೆ ನೀರು ಏರಿಯ ಮೇಲೆ ಹತ್ತುತ್ತದೆ, ಏರಿ ಒಡೆಯುತ್ತದೆ, ಕೆರೆಯೇ ಇಲ್ಲವಾಗುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೆರೆ ಕಟ್ಟಿದ ಜನ ಯಾವಾಗಲೋ ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಹೊರಟುಹೋದರು. ಕೆರೆ ಉಳಿಯಿತು. ಕೆರೆಗೆ ಕಲ್ಲು ಎಳೆದು ತಂದ ಕುದುರೆಗಳೂ ಉಳಿದವು. ಆ ಕುದುರೆಗಳ ಕುಲಕ್ಕೆ ಹೆಗ್ಗೊರಸು ಎಂದು ಹೆಸರು. ಒಂದೊಂದು ಗೊರಸು ಒಂದೊಂದು ಬುಟ್ಟಿಯ ಅಗಲ. ಕಾಲು ಒರಳಿನಷ್ಟು ದಪ್ಪ. ಮೊಣಕಾಲಿನ ಕೆಳಗೆ ಉದ್ದನೆಯ ಬಿಳಿ ಕೂದಲು ಗೊರಸಿನ ಮೇಲೆ ಇಳಿಬಿದ್ದು ಕುಚ್ಚು ಕಟ್ಟಿದ ಹಾಗೆ ಕಾಣುತ್ತಿತ್ತು. ಮೈಯೋ, ಒಂದು ಪುಟ್ಟ ಗುಡ್ಡ. ಓಡು ಅಂದರೆ ಅವು ನಗುತ್ತಿದ್ದವು. ಎಳೆ ಅಂದರೆ ಮಾತ್ರ ಕಿವಿ ನಿಮಿರುತ್ತಿತ್ತು.

ನಮ್ಮ ಕತೆಯ ಕಾಲಕ್ಕೆ ಆ ಕುಲದಲ್ಲಿ ಇಬ್ಬರೇ ಉಳಿದಿದ್ದರು. ಒಬ್ಬಳು ಹಂಡಜ್ಜಿ. ಮೈಮೇಲೆ ಕಪ್ಪುಬಿಳುಪಿನ ಮಚ್ಚೆ, ಮಂಡಿಗಳಲ್ಲಿ ನೋವು, ಕಣ್ಣಿಗೆ ಅಷ್ಟಕ್ಕಷ್ಟೇ ಬೆಳಕು. ಇನ್ನೊಬ್ಬ ಅವಳ ಮೊಮ್ಮಗ ಗಜ್ಜುಗ. ತಾಯಿ ಇಲ್ಲದ ಮರಿಯನ್ನು ಅಜ್ಜಿಯೇ ಬೆಳೆಸಿದ್ದಳು. ಈಗ ಅವನು ಅಜ್ಜಿಗಿಂತ ಎತ್ತರ, ಅಜ್ಜಿಗಿಂತ ಅಗಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ಹೇಳುತ್ತಿದ್ದ.

"ನಾನು ಯಾರು ಗೊತ್ತಾ? ಹೆಗ್ಗೊರಸು!" ಎಂದು ದಾರಿಯಲ್ಲಿ ಸಿಕ್ಕ ಮೊಲವನ್ನು ನಿಲ್ಲಿಸಿ ಹೇಳುತ್ತಿದ್ದ.

"ಗೊತ್ತಪ್ಪಾ, ನಿನ್ನೆಯೂ ಹೇಳಿದ್ದೆ," ಎನ್ನುತ್ತಿತ್ತು ಮೊಲ.

"ಈ ಕೋಡಿಯ ಕಲ್ಲಿದೆಯಲ್ಲ, ಅದನ್ನು ಎಳೆದು ತಂದವಳು ನಮ್ಮ ಮುತ್ತಜ್ಜಿ ಗಿರಿಜ್ಜಿ. ಒಂದೇ ಎಳೆತಕ್ಕೆ!"

"ಅದನ್ನೂ ನಿನ್ನೆ ಹೇಳಿದ್ದೆ."

ಈ ಒಂದೇ ಎಳೆತದ ಕತೆಯನ್ನು ಅವನಿಗೆ ಕಲಿಸಿದವಳು ಚಟಾಕಿ ಎಂಬ ಗೊರವಂಕ. ಗಜ್ಜುಗನ ಬೆನ್ನಿನ ಮೇಲೆ ಕೂತು ಉಣ್ಣೆಹುಳ ಹೆಕ್ಕಿ ತಿನ್ನುವುದು ಅವಳ ಹೊಟ್ಟೆಪಾಡು. ಹೆಕ್ಕುವಾಗ ಸುಮ್ಮನಿರಲಾರಳು, ಕತೆ ಹೇಳುತ್ತಿದ್ದಳು. ಚಟಾಕಿಗೆ ಒಂದು ಅಭ್ಯಾಸ. ಕತೆಯಲ್ಲಿ ಎಲ್ಲಿ ಬೇಜಾರು ಬರುತ್ತದೋ ಅಲ್ಲಿ ರೆಕ್ಕೆ ಬಿಚ್ಚಿ ಮುಂದಿನ ಕೊಂಬೆಗೆ ಹಾರಿದ ಹಾಗೆ ಹಾರಿಬಿಡುವುದು. "ಗಿರಿಜ್ಜಿ ಬಂದಳು, ಕೊರಳಪಟ್ಟಿ ಹಾಕಿಕೊಂಡಳು, ಜನ ಹೋ ಎಂದರು, ಒಂದೇ ಎಳೆತ, ಕಲ್ಲು ದಡಬಡ ದಡಬಡ ಬಂದೇಬಿಟ್ಟಿತು!" ಇಷ್ಟೇ ಕತೆ. ಕೇಳುವುದಕ್ಕೆ ಚೆನ್ನಾಗಿತ್ತು ಅನ್ನಿ.

ಹಂಡಜ್ಜಿಯ ರೀತಿಯೇ ಬೇರೆ. ಬೆಳಗಾದರೆ ಸಾಕು, ಅವಳು ಏರಿಯ ಆಚೆಯ ದೊಡ್ಡ ಮತ್ತಿಮರದ ಹತ್ತಿರ ಹೋಗಿ ಅದಕ್ಕೆ ಹೆಗಲು ಕೊಟ್ಟು ಒರಗಿ ನಿಲ್ಲುತ್ತಿದ್ದಳು. ಜಗ್ಗುವುದಿಲ್ಲ, ಗುದ್ದುವುದಿಲ್ಲ. ಮೈಭಾರವನ್ನೆಲ್ಲ ಮೆಲ್ಲಗೆ ಮುಂದಕ್ಕೆ ಬಿಟ್ಟು, ಉಸಿರಾಡುತ್ತಾ ಸುಮ್ಮನೆ ನಿಲ್ಲುವುದು. ಹೆಗ್ಗೊರಸುಗಳಲ್ಲಿ ಅದು ತಲೆತಲಾಂತರದಿಂದ ಬಂದ ಪದ್ಧತಿ. ಮರಿ ಹಾಲು ಬಿಟ್ಟ ಮೇಲೆ ಮೊದಲು ಕಲಿಯುವುದೇ ಅದು. ಅವರು ಅದಕ್ಕೆ ಭಾರ ಕೇಳುವುದು ಎನ್ನುತ್ತಿದ್ದರು.

"ಬಾರೋ ಗಜ್ಜುಗ, ನನ್ನ ಪಕ್ಕ ನಿಲ್ಲು," ಎಂದು ಅಜ್ಜಿ ದಿನವೂ ಕರೆಯುತ್ತಿದ್ದಳು.

"ಮರ ಎಲ್ಲಿಗೂ ಹೋಗಲ್ಲ ಅಜ್ಜಿ. ಬೇರು ಬಿಟ್ಟಿದೆ. ಅದನ್ನ ತಳ್ಳಿ ಏನು ಪ್ರಯೋಜನ?"

"ತಳ್ಳೋದಲ್ಲ ಮಗಾ, ಕೇಳೋದು."

"ಮರ ಏನು ಹೇಳುತ್ತೆ?"

"ಬಂದು ನಿಂತರೆ ತಾನೇ ಗೊತ್ತಾಗೋದು."

ಗಜ್ಜುಗ ಬಂದು ಒಂದು ಆಕಳಿಕೆ ಬರುವಷ್ಟು ಹೊತ್ತು ನಿಲ್ಲುತ್ತಿದ್ದ. ಆಮೇಲೆ ಕೆರೆಯ ದಂಡೆಗೆ ಹೋಗಿ, ನೀರಿನಲ್ಲಿ ತನ್ನ ಕಾಲಿನ ಬಿಳಿ ಕುಚ್ಚುಗಳನ್ನು ನೋಡಿಕೊಳ್ಳುತ್ತಿದ್ದ. ಅಜ್ಜಿ ಬೈಯುತ್ತಿರಲಿಲ್ಲ. ಒಬ್ಬಳೇ ಒರಗಿ ನಿಲ್ಲುತ್ತಿದ್ದಳು. ನನ್ನನ್ನು ಕೇಳಿದರೆ, ನಾಲ್ಕು ಮಾತು ಬೈದಿದ್ದರೂ ತಪ್ಪಿರಲಿಲ್ಲ.

ಆ ವರ್ಷ ಮುಂಗಾರಿಗೆ ಮುಂಚೆ ಒಂದು ದೊಡ್ಡ ಗಾಳಿಮಳೆ ಬಂತು. ಮೇಲಿನ ದಿಣ್ಣೆಯಲ್ಲಿದ್ದ ಮುದಿ ಮತ್ತಿಮರವೊಂದು ಬುಡಸಮೇತ ಉರುಳಿ, ಇಳಿಜಾರಿನಲ್ಲಿ ಜಾರಿಕೊಂಡು ಬಂದು, ಸರಿಯಾಗಿ ಕೋಡಿಯ ಬಾಯಲ್ಲೇ ಕೂತುಬಿಟ್ಟಿತು. ಬುಡ ಕೆಸರಿನಲ್ಲಿ ಹೂತಿತ್ತು. ಕೊಂಬೆಗಳಿಗೆ ಕಸಕಡ್ಡಿ, ಸೊಪ್ಪು, ಮಣ್ಣು ಸಿಕ್ಕಿಕೊಂಡು ಕೋಡಿ ಮುಕ್ಕಾಲು ಪಾಲು ಮುಚ್ಚಿಹೋಯಿತು. ಆಮೇಲೆ ಬಿಸಿಲು ಬಂತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಕಲ್ಲವ್ವ ಒಬ್ಬಳನ್ನು ಬಿಟ್ಟು.

ಕಲ್ಲವ್ವ ಕೆರೆಯ ಆಮೆ. ಅವಳು ಏರಿಯ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟಿದ್ದಳು. ಪ್ರತಿ ವರ್ಷವೂ ಅವಳು ಇಡುತ್ತಿದ್ದದ್ದು ಅಲ್ಲೇ. ಕೆರೆ ಎಷ್ಟೇ ತುಂಬಿದರೂ ನೀರು ಅಲ್ಲಿಯವರೆಗೆ ಬಂದದ್ದಿಲ್ಲ, ಕೋಡಿ ಇತ್ತಲ್ಲ. ಈಗ ಕೋಡಿಯಲ್ಲಿ ಮರ ಕೂತಿದೆ. ಬಡಗಣ ಬೆಟ್ಟದ ಮೇಲೆ ಮೋಡ ಕಪ್ಪಾಗುತ್ತಿದೆ. ಮೊಟ್ಟೆ ಒಡೆಯುವುದಕ್ಕೆ ಇನ್ನೂ ಸ್ವಲ್ಪ ದಿನ ಬೇಕು. ಒಮ್ಮೆ ಇಟ್ಟ ಮೊಟ್ಟೆಯನ್ನು ಹೊರಳಿಸಿದರೆ ಒಳಗಿನ ಮರಿ ಉಳಿಯುವುದಿಲ್ಲ.

ಅವಳು ಕಾಲೆಳೆದುಕೊಂಡು ಗಜ್ಜುಗನ ಹತ್ತಿರ ಬಂದಳು.

"ಗಜ್ಜುಗಪ್ಪ, ಕೋಡಿಯಲ್ಲಿ ಮರ ಕೂತಿದೆ. ಅದನ್ನ ತೆಗೆಯೋ ಶಕ್ತಿ ಇರೋದು ನಿನ್ನೊಬ್ಬನಿಗೇ. ಮಳೆ ಹಿಡಿಯೋದರೊಳಗೆ ಎಳೆದುಹಾಕು ಮಗಾ. ಇಲ್ಲದಿದ್ದರೆ ಏರಿ ಒಡೆಯುತ್ತೆ. ನನ್ನ ಮೊಟ್ಟೆಗಳು ಹೋಗ್ತವೆ. ಆಮೇಲೆ ಕೆರೆಯೂ ಹೋಗುತ್ತೆ."

ಗಜ್ಜುಗನ ಎದೆ ಉಬ್ಬಿತು. ಎಷ್ಟು ದಿನದಿಂದ ಅವನು ಇಂಥದ್ದೊಂದು ಮಾತಿಗೆ ಕಾದಿದ್ದ!

"ಅಷ್ಟೇ ತಾನೇ ಕಲ್ಲವ್ವ? ನಾಳೆ ಬೆಳಗ್ಗೆ ಎಲ್ಲರಿಗೂ ಬರೋಕೆ ಹೇಳು. ಒಂದೇ ಎಳೆತ!"

"ಎಲ್ಲರೂ ಯಾಕಪ್ಪ? ನೀನು ಬಂದರೆ ಸಾಕಲ್ಲ."

"ನೋಡೋರು ಬೇಡವಾ?" ಎಂದಳು ಅವನ ಬೆನ್ನಿನ ಮೇಲಿಂದ ಚಟಾಕಿ. "ನೋಡೋರಿಲ್ಲದೆ ಕತೆ ಹುಟ್ಟೋದು ಹೇಗೆ?"

ಮಾರನೆಯ ಬೆಳಗ್ಗೆ ಕೋಡಿಯ ಸುತ್ತ ಜಾತ್ರೆಯೋ ಜಾತ್ರೆ. ಕಪ್ಪೆಗಳು ಮುಂದಿನ ಸಾಲು ಹಿಡಿದವು. ಮೊಲಗಳು, ಅಳಿಲುಗಳು, ಕಾಡುಕೋಳಿಗಳು ಹಿಂದೆ. ಮುಸುವಗಳ ಗುಂಪು ಮರದ ಮೇಲೆ. ಮುಸುವಗಳ ಯಜಮಾನ ಜೋಲಣ್ಣ ಆಲದ ಪೊಟರೆಯಿಂದ ಗಿರಿಜ್ಜಿಯ ಕಾಲದ ಕೊರಳಪಟ್ಟಿಯನ್ನು ಇಳಿಸಿ ತಂದ. ಒಳಗೆ ಹುಲ್ಲು ತುಂಬಿ ಮೇಲೆ ತೊಗಲು ಹೊಲಿದ, ದಿಂಬಿನ ಹಾಗೆ ದಪ್ಪನೆಯ ಪಟ್ಟಿ ಅದು. ಭಾರವೆಲ್ಲ ಕುದುರೆಯ ಹೆಗಲಿನ ಮೇಲೆ ಹರಡಿ ಕೂರಲಿ ಎಂದು ಮಾಡಿದ್ದು. ಹಂಡಜ್ಜಿ ವರ್ಷ ವರ್ಷ ಅದಕ್ಕೆ ಹಿಪ್ಪೆ ಎಣ್ಣೆ ಹಚ್ಚಿಸಿ ಕಾಪಾಡಿದ್ದಳು. ಜೊತೆಗೆ ಒಂದು ಹಳೆಯ ಕಬ್ಬಿಣದ ಸರಪಳಿ. ಜೋಲಣ್ಣ ಕೈಚಳಕದವನು. ಪಟ್ಟಿಯನ್ನು ಗಜ್ಜುಗನ ಕೊರಳಿಗೆ ಹಾಕಿ, ಸರಪಳಿಯನ್ನು ಮರದ ಬುಡಕ್ಕೆ ಸುತ್ತಿ ಕಟ್ಟಿದ.

ಅಷ್ಟರಲ್ಲಿ ಒಂದು ಅಳಿಲು ಓಡಿಬಂತು.

"ಗಜ್ಜುಗಣ್ಣ, ಹಂಡಜ್ಜಿ ಹೊರಟಿದ್ದಾಳೆ. ಮಂಡಿ ನೋವು, ಬರೋದು ಸ್ವಲ್ಪ ತಡ ಆಗುತ್ತಂತೆ. ನಾನು ಬರೋವರೆಗೆ ಎಳೆಯಬೇಡ ಅಂತ ಹೇಳಿದಳು."

ಗಜ್ಜುಗ ಸುತ್ತ ನೋಡಿದ. ಎಷ್ಟೊಂದು ಕಣ್ಣು! ಎಲ್ಲವೂ ಅವನನ್ನೇ ನೋಡುತ್ತಿವೆ.

"ಅಜ್ಜಿ ಬಂದು ಏನು ಮಾಡ್ತಾಳೆ? ಅವಳೇನು ಎಳೆಯೋಳಾ?"

"ಅಲ್ಲವಾ ಮತ್ತೆ?" ಎಂದಳು ಚಟಾಕಿ. "ಬಿಸಿ ಬಿಸಿಯಾಗಿರುವಾಗಲೇ ಎಳೆದುಬಿಡು."

"ಮಗಾ, ಒಂದು ಗಳಿಗೆ ಕಾಯಬಾರದಾ?" ಎಂದಳು ಕಲ್ಲವ್ವ. ಆದರೆ ಅವಳ ದನಿ ಸಣ್ಣದು. ಕಪ್ಪೆಗಳು ಆಗಲೇ ಶುರುಮಾಡಿದ್ದವು.

"ಎಳಿ! ಎಳಿ! ಎಳಿ! ಎಳಿ!"

ಗಜ್ಜುಗ ಎರಡು ಹೆಜ್ಜೆ ಹಿಂದಕ್ಕೆ ಬಂದ. ಸರಪಳಿ ಸಡಿಲವಾಗಿ ನೆಲಕ್ಕೆ ಬಿತ್ತು. ಜೂಲು ಕೊಡವಿದ. ಗಂಟಲು ತುಂಬ ಕೆನೆದ. ಆಮೇಲೆ ಮೈಯೆಲ್ಲ ಒಂದು ಮಾಡಿಕೊಂಡು ಮುಂದಕ್ಕೆ ನುಗ್ಗಿದ.

ಸರಪಳಿ ನೆಟ್ಟಗಾಯಿತು. ಫಟ್! ನಡುವಿನ ಕೊಂಡಿಯೊಂದು ಸಿಡಿದು ಹಾರಿಹೋಯಿತು. ಗಜ್ಜುಗ ಮೂತಿ ಅಡಿಯಾಗಿ ಕೆಸರಿಗೆ ಬಿದ್ದ. ಬಿಳಿ ಕುಚ್ಚು, ಹೊಳೆಯುವ ಜೂಲು, ಉಬ್ಬಿದ ಎದೆ, ಎಲ್ಲವೂ ಕೆಸರೋ ಕೆಸರು.

ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಒಂದು ಜಗ್ಗಿಗೆ ಮರ ಹೊರಳಿ, ಅಡ್ಡಡ್ಡಲಾಗಿ ತಿರುಗಿ, ಕೋಡಿಯ ಎರಡು ಕಲ್ಲುಗಳ ನಡುವೆ ಬೆಣೆ ಹೊಡೆದ ಹಾಗೆ ಕೂತುಬಿಟ್ಟಿತು. ಮೊದಲು ಮುಕ್ಕಾಲು ಮುಚ್ಚಿದ್ದ ಕೋಡಿ ಈಗ ಪೂರ್ತಿ ಮುಚ್ಚಿತು. ಬಡಗಣ ಬೆಟ್ಟದಲ್ಲಿ ಗುಡುಗಿತು. ಅಲ್ಲಿ ಮಳೆ ಶುರುವಾಗಿತ್ತು. ಹಳ್ಳದಲ್ಲಿ ಕೆಂಪು ನೀರು ಕೆರೆಯ ಕಡೆಗೆ ಹೊರಟಿತ್ತು.

ಕಪ್ಪೆಗಳೂ ಸುಮ್ಮನಾದವು. ಕಲ್ಲವ್ವ ಗಜ್ಜುಗನನ್ನು ನೋಡಿದಳು, ಬೈಯಲಿಲ್ಲ. ಕೋಡಿಗೆ ಬೆನ್ನು ಮಾಡಿ, ಏರಿ ಹತ್ತಿ, ತನ್ನ ಮೊಟ್ಟೆಗಳಿದ್ದ ಮರಳಿನ ಗುಂಡಿಯ ಮೇಲೆ ಹೋಗಿ ಕೂತಳು. ನೀರನ್ನು ತಡೆಯಲು ಆಮೆಯ ಬೆನ್ನು ಸಾಲದು. ಅದು ಅವಳಿಗೂ ಗೊತ್ತಿತ್ತು. ಆದರೂ ಕೂತಳು.

ಅದನ್ನು ಕಂಡು ಗಜ್ಜುಗ ಮುಖವನ್ನು ಬೇರೆ ಕಡೆ ತಿರುಗಿಸಿದ.

"ಸರಪಳಿ ಸರಿಯಿರಲಿಲ್ಲ ಬಿಡು," ಎಂದಳು ಚಟಾಕಿ ಮೆಲ್ಲಗೆ.

"ಹೌದು," ಎಂದ ಗಜ್ಜುಗ. "ಸರಪಳಿಯದೇ ತಪ್ಪು."

"ಆ ಸರಪಳಿ ಈ ಕೆರೆಯ ಒಂದೊಂದು ಕಲ್ಲನ್ನೂ ಎಳೆದಿದೆ. ಅದನ್ನ ಬೈಬೇಡ."

ಹಂಡಜ್ಜಿ ಬಂದಿದ್ದಳು. ಏದುಸಿರು ಬಿಡುತ್ತಿದ್ದಳು. ಮುರಿದ ಸರಪಳಿಯನ್ನು ಮೂಸಿದಳು, ಮರವನ್ನು ಮೂಸಿದಳು, ಕೆಸರನ್ನು ಮೂಸಿದಳು. ಕಣ್ಣು ಸರಿಯಾಗಿ ಕಾಣದವರು ಹಾಗೆಯೇ ನೋಡುವುದು.

"ಯಾಕೋ ನುಗ್ಗಿದೆ?"

"ಗಿರಿಜ್ಜಿ ಹಾಗೇ ತಾನೇ ಎಳೆದದ್ದು? ಒಂದೇ ಎಳೆತಕ್ಕೆ?"

ಅಜ್ಜಿಗೆ ಸಿಟ್ಟೂ ಬಂತು, ನಗುವೂ ಬಂತು. ಮೊದಲು ನಕ್ಕಳು.

"ಕೇಳು. ಆವತ್ತು ಗಿರಿಜ್ಜಿಯನ್ನ ಕಲ್ಲಿಗೆ ಕಟ್ಟಿದಾಗ ಇನ್ನೂ ಎಳೆಬಿಸಿಲು. ನೋಡೋಕೆ ಜನವೋ ಜನ. ಅವಳು ಮೆಲ್ಲಗೆ ಮುಂದಕ್ಕೆ ಒರಗಿದಳು. ಸರಪಳಿ ಬಿಗಿಯಾಯಿತು. ಕಲ್ಲು ಕದಲಲಿಲ್ಲ. ಅವಳು ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ನುಗ್ಗಲಿಲ್ಲ. ಒರಗಿಯೇ ನಿಂತಳು. ಬಿಸಿಲು ಏರಿತು. ನೋಡ್ತಿದ್ದವರಿಗೆ ಬೇಜಾರಾಯಿತು. ಇದು ಆಗೋ ಕೆಲಸ ಅಲ್ಲ ಅಂತ ಎಲ್ಲರೂ ಊಟಕ್ಕೆ ಎದ್ದು ಹೋದರು. ಅವಳು ನಿಂತೇ ಇದ್ದಳು. ಕಲ್ಲಿನ ಅಡಿಯ ಕೆಸರು ಸ್ವಲ್ಪ ಸ್ವಲ್ಪವೇ ಬಿಡ್ತಾ ಬಂತು. ಅದು ಬಿಟ್ಟಿದ್ದು ಅವಳ ಹೆಗಲಿಗೆ ಗೊತ್ತಾಯಿತು. ಆಗ ಹೆಜ್ಜೆ ಇಟ್ಟಳು. ಉಂಡು ಕೈ ತೊಳೆದು ಬಂದ ಜನ ನೋಡಿದ್ದು ಆ ಹೆಜ್ಜೆಯನ್ನ ಮಾತ್ರ. ಒಂದೇ ಎಳೆತ ಅಂತ ಊರೆಲ್ಲ ಹೇಳಿಕೊಂಡು ತಿರುಗಿದರು."

"ನಮ್ಮ ಅಮ್ಮ ನನಗೆ ಹಾಗೆ ಹೇಳಲಿಲ್ಲಪ್ಪ," ಎಂದಳು ಚಟಾಕಿ.

"ನಿಮ್ಮ ಅಮ್ಮ, ಅವರ ಅಮ್ಮ, ಎಲ್ಲರೂ ಊಟಕ್ಕೆ ಹೋದವರ ಬಾಯಲ್ಲಿ ಕೇಳಿದ್ದು. ನಮ್ಮ ಮನೆಯಲ್ಲಿ ಇದನ್ನ ಬಾಯಲ್ಲಿ ಹೇಳಲ್ಲ ಕಣೇ. ಪಕ್ಕ ನಿಂತು ಹೆಗಲಿಗೆ ಹೇಳ್ತೀವಿ. ನಾನು ದಿನಾ ಕರೀತಿದ್ದೆ. ಇವನು ನಿಲ್ಲಲಿಲ್ಲ."

ಗಜ್ಜುಗ ತಲೆ ತಗ್ಗಿಸಿದ. ಬಿಳಿ ಕುಚ್ಚಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಅಜ್ಜಿ ಹೋಗಿ ತನ್ನ ದೊಡ್ಡ ಮೂತಿಯನ್ನು ಅವನ ಕೊರಳಿಗೆ ಉಜ್ಜಿದಳು.

"ಮೂತಿ ಆಮೇಲೆ ತೊಳ್ಕೊಳ್ಳುವೆಯಂತೆ. ಈಗ ಏಳು. ಜೋಲಣ್ಣ, ಸರಪಳಿ ಹೋಯಿತು. ಇನ್ನೇನಿದೆ?"

"ಆಲದ ಬಿಳಲು ಇದೆ ಅಜ್ಜಿ. ಹೊಸೆದು ಹಗ್ಗ ಮಾಡಬಹುದು."

"ಮಾಡಪ್ಪ, ಬೇಗ."

ಮುಸುವಗಳೆಲ್ಲ ಸೇರಿ ಬಿಳಲು ಇಳಿಸಿ, ಹೊಸೆದು, ಹೊಸೆದದ್ದನ್ನೇ ಮತ್ತೆ ಹೊಸೆದು ಒಂದು ಹಗ್ಗ ಮಾಡಿದವು. ಜೋಲಣ್ಣ ಅದನ್ನು ಎತ್ತಿ ತೂಗಿ ನೋಡಿ ತಲೆ ಕೆರೆದುಕೊಂಡ.

"ಅಜ್ಜಿ, ಇದು ಕಬ್ಬಿಣ ಅಲ್ಲ. ಮೆಲ್ಲಗೆ ಎಳೆದರೆ ಎಷ್ಟು ಬೇಕಾದರೂ ತಡೆಯುತ್ತೆ. ಜಗ್ಗಿದರೆ ಅಲ್ಲೇ ಹರಿದುಹೋಗುತ್ತೆ. ಇನ್ನೊಂದು ಹೊಸೆಯೋಕೆ ಬಿಳಲೂ ಇಲ್ಲ, ಹೊತ್ತೂ ಇಲ್ಲ."

ಕೆರೆಯ ನೀರು ಆಗಲೇ ಏರಿಯ ಬುಡದ ಕಲ್ಲುಸಾಲನ್ನು ದಾಟಿ ಮರಳಿನ ಅಂಚಿಗೆ ಬಂದಿತ್ತು. ಕಲ್ಲವ್ವ ಅಲುಗಾಡದೆ ಕೂತಿದ್ದಳು.

"ಅಜ್ಜಿ, ನನಗೆ ಭಯ ಆಗ್ತಿದೆ," ಎಂದ ಗಜ್ಜುಗ. ಅವನು ಹುಟ್ಟಿದ ಮೇಲೆ ಆ ಮಾತನ್ನು ಯಾರ ಎದುರೂ ಆಡಿದವನಲ್ಲ.

"ಆಗಲಿ. ಭಯ ಇದ್ದವನು ನುಗ್ಗಲ್ಲ. ಬಾ, ಹೆಗಲು ಕೊಡು."

ಅಜ್ಜಿಯ ಮಂಡಿಗಳಲ್ಲಿ ಎಳೆಯುವ ಶಕ್ತಿ ಇರಲಿಲ್ಲ. ಜೋಲಣ್ಣ ಹಗ್ಗವನ್ನು ಮರಕ್ಕೂ ಗಜ್ಜುಗನ ಕೊರಳಪಟ್ಟಿಗೂ ಕಟ್ಟಿದ, ಅವಳಿಗೆ ಕಟ್ಟಲಿಲ್ಲ. ಅವಳು ಬಂದು ಗಜ್ಜುಗನ ಪಕ್ಕದಲ್ಲಿ, ಹೆಗಲಿಗೆ ಹೆಗಲು ತಾಗುವ ಹಾಗೆ ನಿಂತಳು. ಅವಳ ಉಸಿರು ಒಳಗೆ ಹೋಗುವುದೂ ಹೊರಗೆ ಬರುವುದೂ ಅವನ ಪಕ್ಕೆಗೆ ತಿಳಿಯುತ್ತಿತ್ತು.

"ಈಗ ಯಾರೂ ಕಿರುಚಬಾರದು," ಎಂದಳು ಅಜ್ಜಿ.

"ಒಂದೇ ಒಂದು ಸಲ ಎಳಿ ಅನ್ನಬಹುದಾ?" ಎಂದಿತು ಒಂದು ಕಪ್ಪೆ.

"ಬಾಯಿ ಮುಚ್ಚು!"

ಗಜ್ಜುಗ ಒರಗಿದ. ಹಗ್ಗ ಕಿರ್ ಎಂದು ಬಿಗಿಯಾಯಿತು. ಕೊರಳಪಟ್ಟಿ ಹೆಗಲಿನಲ್ಲಿ ಕೂತಿತು. ಇನ್ನೂ ಸ್ವಲ್ಪ ಒರಗಿದ. ಮರ ಕದಲಲಿಲ್ಲ.

ಹಾಗೆಯೇ ನಿಂತ. ಏನೂ ಆಗಲಿಲ್ಲ.

ಇನ್ನೂ ನಿಂತ. ಕಾಲುಗಳು ನಡುಗತೊಡಗಿದವು. ಮೂಗಿನ ತುದಿಯಿಂದ ಬೆವರು ಇಳಿಯಿತು. ತುಂತುರು ಮಳೆ ಶುರುವಾಯಿತು. ಮೊಲಗಳು ಮೊದಲು ಎದ್ದು ಪೊದೆ ಸೇರಿದವು. ಕಾಡುಕೋಳಿಗಳು ರೆಕ್ಕೆ ನೆನೆಯುತ್ತದೆ ಎಂದು ಹೊರಟವು. ಮಳೆಗೆ ಹುಳ ಎದ್ದಿವೆ ಎಂದು ಕಪ್ಪೆಗಳು ಒಂದೊಂದಾಗಿ ಜಾರಿಕೊಂಡವು. ಮುಸುವಗಳು ಒಣಕೊಂಬೆ ಹುಡುಕಿಕೊಂಡು ಹೋದವು. ಚಟಾಕಿಯೂ ಆ ಕಡೆ ಈ ಕಡೆ ನೋಡಿ ಮರದ ಪೊಟರೆಗೆ ಹಾರಿದಳು. ಜೋಲಣ್ಣ ಒಬ್ಬ ಹಗ್ಗದ ಗಂಟಿನ ಮೇಲೆ ಕಣ್ಣಿಟ್ಟು ಕೂತ.

"ಅಜ್ಜಿ," ಎಂದ ಗಜ್ಜುಗ ಹಲ್ಲು ಕಚ್ಚಿಕೊಂಡು, "ಒಂದು ಸಲ ಜಗ್ಗಿಬಿಡಲಾ?"

"ಉಸಿರು," ಎಂದಳು ಅಜ್ಜಿ. ಅಷ್ಟೇ.

ಅವನು ಉಸಿರೆಳೆದುಕೊಂಡ. ಅಜ್ಜಿಯ ಉಸಿರಿಗೆ ಉಸಿರು ಸೇರಿಸಿದ. ಕೆರೆಯ ನೀರು ಬಂದು ಕಲ್ಲವ್ವನ ಮುಂಗಾಲು ಮುಟ್ಟಿದ್ದು ಅವನಿಗೆ ಕಾಣುತ್ತಿತ್ತು. ನುಗ್ಗಬೇಕು ಎಂದು ಮೈಯೆಲ್ಲ ಕೂಗುತ್ತಿತ್ತು. ಅವನು ನುಗ್ಗಲಿಲ್ಲ. ಅಷ್ಟು ಕಷ್ಟದ ಕೆಲಸವನ್ನು ಅವನು ಅದುವರೆಗೆ ಮಾಡಿರಲಿಲ್ಲ.

ಆಗ ಹಿಂದೆ ಕೆಸರಿನಲ್ಲಿ ಸಣ್ಣದೊಂದು ಸದ್ದಾಯಿತು. ಗುಳಕ್. ಒಂದು ಗುಳ್ಳೆ ಮೇಲೆ ಬಂದು ಒಡೆಯಿತು. ಇನ್ನೊಂದು. ಮತ್ತೊಂದು. ಮರದ ಬುಡಕ್ಕೂ ಕೆಸರಿಗೂ ನಡುವೆ ನೀರು ದಾರಿ ಮಾಡಿಕೊಂಡು ಇಳಿಯುತ್ತಿತ್ತು. ಗಜ್ಜುಗನ ಹೆಗಲಿಗೆ ಅದು ಗೊತ್ತಾಯಿತು. ಭಾರ ಇದ್ದ ಹಾಗೆಯೇ ಇತ್ತು, ಆದರೆ ಹಟ ಬಿಡುತ್ತಿತ್ತು.

"ಅಜ್ಜಿ, ಅದು ಬರ್ತೀನಿ ಅಂತಿದೆ!"

"ನನಗೂ ಕೇಳಿಸ್ತು ಮಗಾ. ಕರ್ಕೊಂಡು ಬಾ."

ಗಜ್ಜುಗ ಒಂದು ಹೆಜ್ಜೆ ಇಟ್ಟ. ಮರ ಕೋಡಿಯ ಕಲ್ಲುಗಳ ಸಂದಿಯಿಂದ ನರಳುತ್ತಾ ಹೊರಳಿತು. ಇನ್ನೊಂದು ಹೆಜ್ಜೆ. ಬುಟ್ಟಿಯಗಲದ ಗೊರಸುಗಳು ನೆಲದಲ್ಲಿ ಊರಿ ಊರಿ ಏಳುತ್ತಿದ್ದವು. ಬಿಳಲಿನ ಹಗ್ಗ ಹಾಡುತ್ತಿತ್ತು, ಹರಿಯಲಿಲ್ಲ. ಮರದ ಬುಡ ಕಿತ್ತು ಹೊರಬಂದ ಕೂಡಲೇ ಕೋಡಿಯಲ್ಲಿ ನೀರು ಭೋರ್ ಎಂದು ನುಗ್ಗಿತು. ಕಸ, ಕಡ್ಡಿ, ಸೊಪ್ಪು ಎಲ್ಲವನ್ನೂ ಬಾಚಿಕೊಂಡು ಹೊರಗೆ ಓಡಿತು. ಗಜ್ಜುಗ ನಿಲ್ಲಲಿಲ್ಲ. ಮರವನ್ನು ದಿಣ್ಣೆಯವರೆಗೂ ಎಳೆದುಕೊಂಡು ಹೋಗಿ, ಇನ್ನು ಯಾವ ಮಳೆಗೂ ಉರುಳಿ ಬರದ ಕಡೆ ಬಿಟ್ಟು ನಿಂತ.

ನೀರಿನ ಸದ್ದಿಗೆ ಎಲ್ಲರೂ ಓಡೋಡಿ ಬಂದರು. ಕಪ್ಪೆಗಳ ಬಾಯಲ್ಲಿ ಇನ್ನೂ ಹುಳ ಇತ್ತು.

"ನೋಡಿದಿರಾ? ನೋಡಿದಿರಾ? ಒಂದೇ ಎಳೆತಕ್ಕೆ!" ಎಂದು ಕೂಗಿದವು.

ಹಂಡಜ್ಜಿ ಗಜ್ಜುಗನ ಕಡೆ ತಿರುಗಿದಳು. ಗಜ್ಜುಗ ಅಜ್ಜಿಯ ಕಡೆ ತಿರುಗಿದ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಏರಿಯ ಮೇಲೆ ನೀರು ಹಿಂದಕ್ಕೆ ಸರಿಯಿತು. ಕಲ್ಲವ್ವ ಗುಂಡಿಯ ಮೇಲಿಂದ ಇಳಿದು, ಮರಳಿನ ಮೇಲೆ ಕೆನ್ನೆಯಿಟ್ಟು ನೋಡಿದಳು. ಆಮೇಲೆ ಗಜ್ಜುಗನ ಹತ್ತಿರ ಬಂದಳು. ಬರುವುದಕ್ಕೆ ತುಂಬ ಹೊತ್ತು ಹಿಡಿಯಿತು. ಅವನು ಕಾದು ನಿಂತ.

"ಗುಂಡಿ ಒಣಗೇ ಇದೆ ಮಗಾ. ಮೊಟ್ಟೆಗೆ ನೀರು ಮುಟ್ಟಿಲ್ಲ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಗಜ್ಜುಗನ ಕಣ್ಣಲ್ಲೂ ಇತ್ತು, ಅವನು ಅದನ್ನು ಮಳೆಯ ಲೆಕ್ಕಕ್ಕೆ ಹಾಕಿದ.

ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ಮರಳಿನಿಂದ ಪುಟಾಣಿ ಆಮೆಗಳು ಎದ್ದು ಬಂದವು. ಒಂದು ಸಂಜೆ ಚಟಾಕಿ ಅವನ್ನೆಲ್ಲ ಸುತ್ತ ಕೂರಿಸಿಕೊಂಡು ಕತೆ ಶುರುಮಾಡಿದಳು.

"ಗಜ್ಜುಗ ಬಂದ, ಕೊರಳಪಟ್ಟಿ ಹಾಕಿಕೊಂಡ, ಎಲ್ಲರೂ ಹೋ ಎಂದರು, ಒಂದೇ ಎಳೆತ..."

"ಚಟಾಕಿ, ನಡುವೆ ಬಿಟ್ಟೆ," ಎಂದ ಗಜ್ಜುಗ. ಅವನು ಪಕ್ಕದಲ್ಲೇ ಹುಲ್ಲು ಮೇಯುತ್ತಿದ್ದ.

"ಅಲ್ಲಿ ಏನೂ ಇಲ್ಲವಲ್ಲೋ!"

"ಹಾಗಾದರೆ ನಾನು ಹೇಳ್ತೀನಿ. ಮೊದಲು ನಾನು ಅಜ್ಜಿಯ ಮಾತು ಕೇಳದೆ ನುಗ್ಗಿ ಕೆಸರಿಗೆ ಬಿದ್ದೆ. ಸರಪಳಿ ಮುರಿದೆ. ಆಮೇಲೆ ಅಜ್ಜಿಯ ಪಕ್ಕ ಒರಗಿ ನಿಂತೆ. ಏನೂ ಆಗಲಿಲ್ಲ. ಇನ್ನೂ ನಿಂತೆ. ಏನೂ ಆಗಲಿಲ್ಲ."

"ಆಮೇಲೆ?" ಎಂದಿತು ಒಂದು ಪುಟಾಣಿ ಆಮೆ.

"ಆಮೇಲೂ ನಿಂತೆ."

"ಅಯ್ಯೋ, ಈ ಜಾಗ ಬರೀ ಬೇಜಾರು!" ಎಂದು ಕಪ್ಪೆಗಳು ವಟಗುಟ್ಟಿದವು.

"ಹೌದು, ಬೇಜಾರೇ," ಎಂದ ಗಜ್ಜುಗ ಹುಲ್ಲು ಅಗಿಯುತ್ತಾ. "ಮರ ಬಿಟ್ಟುಕೊಟ್ಟಿದ್ದು ಅಲ್ಲೇ. ನೀವು ಊಟಕ್ಕೆ ಹೋಗಿದ್ದಿರಿ."

ಈಗ ಬೆಳಗಾದರೆ ಏರಿಯ ಆಚೆಯ ಮತ್ತಿಮರಕ್ಕೆ ಎರಡು ಹೆಗಲು ಒರಗುತ್ತವೆ. ಒಂದು ಮುದಿಹೆಗಲು, ಒಂದು ಎಳೆಹೆಗಲು. ಕೆಳಗೆ ನೋಡಿದರೆ ಬೇರಿನ ಪಕ್ಕದಲ್ಲಿ ಕೆಲವು ಪುಟಾಣಿ ಆಮೆಗಳೂ ಮರಕ್ಕೆ ಚಿಪ್ಪು ಒತ್ತಿಕೊಂಡು ನಿಂತಿರುತ್ತವೆ. ಕರೆಯದೇ ಬಂದವು ಅವು. ಗಜ್ಜುಗ ಅವನ್ನು ತುಳಿಯದ ಹಾಗೆ ತನ್ನ ಬುಟ್ಟಿಯಗಲದ ಗೊರಸನ್ನು ನೋಡಿ ನೋಡಿ ಇಡುತ್ತಾನೆ.

ನೀತಿ: ಹಿರಿಯರ ಹೆಸರು ಹುಟ್ಟುತ್ತಲೇ ಸಿಗುತ್ತದೆ, ಅವರ ಬಲ ಸಿಗಬೇಕಾದರೆ, ಯಾರೂ ನೋಡದಿದ್ದಾಗ ಅವರು ಮಾಡಿದ ಕೆಲಸವನ್ನು ನಾವೂ ಮಾಡಬೇಕು.